ಸಣ್ಣ ನಾಡು, ದೊಡ್ಡ ನೆರೆ

ಎರಡು ದೊಡ್ಡ ಶಕ್ತಿಗಳು ಒಂದು ಸೀಮೆಯಲ್ಲಿ ಸೆಣಸತೊಡಗಿದಾಗ ನಡುವೆ ಸಿಕ್ಕಿಕೊಂಡ ಸಣ್ಣ ರಾಷ್ಟ್ರಕ್ಕೆ ಎರಡೂ ಕಡೆಯಿಂದ ಬರುವ ಮಾತು ಒಂದೇ: ನಮ್ಮ ಪಕ್ಷಕ್ಕೆ ಬಾ, ಇಲ್ಲವಾದರೆ ನಿನ್ನನ್ನು ಶತ್ರುವೆಂದು ಎಣಿಸುತ್ತೇವೆ. ಅಷ್ಟರಲ್ಲಿ ಕಡಲಾಚೆಯಿಂದ ಬಂದ ಮೂರನೆಯವನೊಬ್ಬ ಬಾಗಿಲಲ್ಲಿ ನಿಂತಿರುತ್ತಾನೆ. ನಾನು ನಿನ್ನನ್ನು ಕಾಯುತ್ತೇನೆ, ನಿನ್ನ ನೆಲದಲ್ಲಿ ನನ್ನ ದಂಡಿಗೆ ಒಂದಿಷ್ಟು ಜಾಗ ಕೊಡು ಎಂಬುದು ಅವನ ಮಾತು. ಇಂಥ ಗಳಿಗೆಯಲ್ಲಿ ಸಣ್ಣ ರಾಷ್ಟ್ರ ಏನು ಮಾಡಬೇಕು? ಈ ಪ್ರಶ್ನೆಯನ್ನು ದಿಲ್ಲಿ, ನ್ಯೂಯಾರ್ಕುಗಳ ಪಂಡಿತರಿಗೆ ಒಪ್ಪಿಸಿ ಸುಮ್ಮನಿರುವುದು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಜನಕ್ಕೆ ತಕ್ಕುದಲ್ಲ. ಈ ಪ್ರಶ್ನೆಗೆ ನಮ್ಮ ನೆಲದಲ್ಲಿಯೇ ಒಮ್ಮೆ ಉತ್ತರ ಕೊಡಲಾಗಿತ್ತು. ಆ ಉತ್ತರದ ಬೆಲೆಯನ್ನು ನೂರ ತೊಂಬತ್ತೇಳು ವರ್ಷಗಳ ಕಾಲ ತೆರಬೇಕಾಯಿತು.

ಶಿರಸಿಯಿಂದ ಹತ್ತು ಹನ್ನೆರಡು ಮೈಲು ಉತ್ತರಕ್ಕೆ ಶಾಲ್ಮಲೆಯ ಮಗ್ಗುಲಲ್ಲಿರುವ ಸೋದೆಯನ್ನು ಇಂದು ನಾವು ಮಠಗಳ ಊರೆಂದು ಬಲ್ಲೆವು. ವಾದಿರಾಜರ ವೃಂದಾವನಕ್ಕೆ ಹೋಗುವವರೂ, ಸ್ವರ್ಣವಲ್ಲಿಗೆ ಹೋಗುವವರೂ, ಜೈನ ಮಠಕ್ಕೆ ಹೋಗುವವರೂ, ಹೊಳೆಯೊಳಗಿನ ಸಹಸ್ರಲಿಂಗ ನೋಡುವವರೂ ಅಲ್ಲಿಗೆ ಬರುತ್ತಾರೆ. ಆದರೆ ಅದು ಒಂದು ರಾಜ್ಯದ ರಾಜಧಾನಿಯಾಗಿತ್ತೆಂಬುದನ್ನು ನೆನೆಯುವವರು ಕಡಿಮೆ. ವಿಜಯನಗರ ಮುರಿದ ಕಾಲದಿಂದ ಹೈದರಾಲಿಯ ಕಾಲದವರೆಗೆ, ಸುಮಾರು ಎರಡು ಶತಮಾನ, ಘಟ್ಟದ ಮೇಲಿನ ಕಾಡು ತೋಟಗಳೂ ಘಟ್ಟದ ಕೆಳಗಿನ ಕಾರವಾರ, ಅಂಕೋಲೆಗಳ ಕರಾವಳಿಯೂ ಇಂದಿನ ಗೋವೆಗೆ ಸೇರಿದ ದಕ್ಷಿಣದ ಕೆಲವು ಮಹಾಲುಗಳೂ ಸೋದೆಯ ನಾಯಕರ ಕೈಯಲ್ಲಿದ್ದುವು. ರಾಜ್ಯ ಸಣ್ಣದು, ಆದರೆ ಅದರ ಸರಕು ಸಣ್ಣದಾಗಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ವೈದ್ಯ ಫ್ರಾಯರ್ ಸೋದೆಯ ಕಾಳುಮೆಣಸನ್ನು ಹೊಗಳಿ ಬರೆದಿದ್ದಾನೆ. ಆ ಮೆಣಸಿಗಾಗಿಯೇ ೧೬೩೮ರಲ್ಲಿ ಕಾರವಾರದಲ್ಲಿ ಇಂಗ್ಲಿಷರ ಕೋಠಿ ಎದ್ದಿತು. ಆ ಮೆಣಸಿಗಾಗಿಯೇ ಗೋವೆಯ ಪೋರ್ತುಗೀಜರ ಕಣ್ಣು ಎಂದೂ ದಕ್ಷಿಣದ ಮೇಲಿತ್ತು.

ಇಂಥ ನಾಡು ಸುತ್ತಲಿನವರ ನಡುವೆ ಬಾಳಿದ್ದು ಹೇಗೆ? ಕಪ್ಪ ಕೊಟ್ಟು ಬಾಳಿತು. ಬಿಜಾಪುರ ಬಲವಾಗಿದ್ದಾಗ ಬಿಜಾಪುರಕ್ಕೆ. ೧೬೮೬ರಲ್ಲಿ ಬಿಜಾಪುರ ಬಿದ್ದ ಮೇಲೆ ಮೊಗಲರಿಗೆ. ಮರಾಠರು ಬಂದಾಗ ಮರಾಠರಿಗೆ. ಕಪ್ಪ ಕೊಡುವುದು ಹೇಡಿತನವೆಂದು ನಾಟಕದ ರಂಗದ ಮೇಲೆ ಹೇಳುವುದು ಸುಲಭ. ಆದರೆ ಕಪ್ಪವೆಂಬುದು ಸಣ್ಣ ರಾಜ್ಯ ತನ್ನ ಒಳಾಡಳಿತವನ್ನೂ ನೆಲವನ್ನೂ ಉಳಿಸಿಕೊಳ್ಳಲು ತೆರುತ್ತಿದ್ದ ಬೆಲೆ. ಹಣ ಹೋಗುತ್ತಿತ್ತು, ನೆಲ ಉಳಿಯುತ್ತಿತ್ತು. ವ್ಯಾಪಾರದ ಮಾತಿನಲ್ಲಿ ಇಂಗ್ಲಿಷರನ್ನು ಪೋರ್ತುಗೀಜರ ಎದುರಿಗೆ, ಪೋರ್ತುಗೀಜರನ್ನು ಇಂಗ್ಲಿಷರ ಎದುರಿಗೆ ನಿಲ್ಲಿಸಲು ಅವಕಾಶವಿತ್ತು. ಎಲ್ಲಿಯವರೆಗೆ ಯಾವ ಪರಕೀಯನಿಗೂ ಕೋಟೆಯ ಬೀಗದ ಕೈ ಕೊಡಲಿಲ್ಲವೋ ಅಲ್ಲಿಯವರೆಗೆ ಈ ನೀತಿ ನಡೆಯಿತು.

ನೆಲದ ಮೇಲೆ ಪರಕೀಯನ ಆಸೆ ಎಂಥದೆಂಬುದಕ್ಕೆ ಸೋದೆಗೆ ಮುನ್ಸೂಚನೆ ಸಿಗದೆ ಇರಲಿಲ್ಲ. ಕಾಳಿ ನದಿಯ ಬಾಯಲ್ಲಿ ಸೋದೆಯವರೇ ಕಟ್ಟಿಸಿದ ಸದಾಶಿವಗಡವನ್ನು ೧೭೫೨ರಲ್ಲಿ ಪೋರ್ತುಗೀಜರು ಹಿಡಿದರು. ಎರಡು ವರ್ಷ ತಮ್ಮ ಕೈಯಲ್ಲಿಟ್ಟುಕೊಂಡು ೧೭೫೪ರಲ್ಲಿ ಬಿಟ್ಟುಕೊಟ್ಟರು. ಹನ್ನೊಂದೇ ವರ್ಷಗಳಲ್ಲಿ ಅದೇ ಪೋರ್ತುಗೀಜರ ಬಾಗಿಲಿಗೆ ಸೋದೆಯ ಅರಸ ಆಸರೆ ಬೇಡಿ ಹೋಗಬೇಕಾಯಿತು.

ನಡೆದದ್ದು ಇಷ್ಟು. ೧೭೬೧ರಲ್ಲಿ ಪಾಣಿಪತದಲ್ಲಿ ಮರಾಠರ ಬಲ ಮುರಿಯಿತು. ದಕ್ಷಿಣದಲ್ಲಿ ಆ ತೆರಪನ್ನು ತುಂಬಲು ಹೈದರಾಲಿ ಮುಂದಾದ. ೧೭೬೩ರ ಮೊದಲಲ್ಲಿ ಬಿದನೂರು ಅವನ ಕೈಸೇರಿ ಕೆಳದಿಯ ರಾಜ್ಯ ಮುಗಿಯಿತು. ಅದೇ ವರ್ಷದ ಕೊನೆಗೆ ಅವನ ದಂಡು ಸೋದೆಯ ಮೇಲೆ ಬಂತು. ಅರಸ ಸವಾಯಿ ಇಮ್ಮಡಿ ಸದಾಶಿವ ಕುಟುಂಬದೊಡನೆ ಘಟ್ಟವಿಳಿದು ಗೋವೆಗೆ ಹೋದ. ಘಟ್ಟದ ಕೆಳಗಿನ ತನ್ನ ಸೀಮೆಯನ್ನು ಪೋರ್ತುಗೀಜರ ರಕ್ಷಣೆಗೆ ಒಪ್ಪಿಸಿದ. ಅವರು ಅವನಿಗೆ ವರ್ಷಾಶನ ಗೊತ್ತುಮಾಡಿದರು. ಕುಟುಂಬ ಫೋಂಡಾದ ಬಳಿಯ ಬಾಂದೋಡೆಯಲ್ಲಿ ನೆಲಸಿತು. ೧೭೯೧ರಲ್ಲಿ ಇನ್ನೊಂದು ಕರಾರಾಗಿ, ರಕ್ಷಣೆಗೆಂದು ಕೊಟ್ಟದ್ದು ಶಾಶ್ವತವಾಗಿ ಬಿಟ್ಟುಕೊಟ್ಟದ್ದಾಯಿತು. ಫೋಂಡಾ, ಸಾಂಗೆ, ಕೇಪೆ, ಕಾಣಕೋಣಗಳು ಪೋರ್ತುಗೀಜರ ಹೊಸ ಗೆಲವುಗಳ ಪಟ್ಟಿಗೆ ಸೇರಿದುವು. ಗೆಲವು ಎಂದು ಅವರು ಕರೆದ ಈ ನೆಲದ ಬಹುಭಾಗ ಒಂದು ಸಣ್ಣ ರಾಜ್ಯದ ಸಂಕಟದಿಂದ ಅವರ ಕೈಗೆ ಬಂದದ್ದು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಅರಸನನ್ನು ಹಳಿಯುವುದರಿಂದ ನಮಗೆ ಲಾಭವಿಲ್ಲ. ಬಿದನೂರು ಬಿದ್ದ ಮೇಲೆ ಸೋದೆಗೆ ಉಳಿದಿದ್ದ ದಾರಿಗಳು ಎರಡು ಮೂರು ಮಾತ್ರ. ಕಾದಾಡಿ ಸಾಯಬಹುದಿತ್ತು, ಹೈದರನಿಗೆ ಶರಣಾಗಬಹುದಿತ್ತು, ಓಡಿಹೋಗಬಹುದಿತ್ತು. ತಪ್ಪು ನಡೆದದ್ದು ಅದಕ್ಕೆ ಬಹಳ ಹಿಂದೆ. ಈ ಪಶ್ಚಿಮ ಘಟ್ಟದ ಸಣ್ಣ ರಾಜ್ಯಗಳಾದ ಕೆಳದಿ, ಸೋದೆ, ಸಿದ್ದಾಪುರ ಸೀಮೆಯ ಬಿಳಗಿ, ಗೇರುಸೊಪ್ಪೆ ಇವುಗಳಿಗೆ ಒಂದೇ ಬಗೆಯ ಬೆಳೆ, ಒಂದೇ ಬಗೆಯ ಒಕ್ಕಲು, ಒಂದೇ ನುಡಿ ಇತ್ತು. ಎದುರಿಗೆ ನಿಂತ ಪರಕೀಯನೂ ಒಬ್ಬನೇ. ಆದರೂ ಇವು ಒಂದನ್ನೊಂದು ತಿನ್ನುವುದರಲ್ಲೇ ಕಾಲ ಕಳೆದುವು. ಮೆಣಸಿನ ರಾಣಿಯೆಂದು ಪೋರ್ತುಗೀಜರೇ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಅರ್ಧ ಶತಮಾನ ಅವರೆದುರು ನಿಂತಳು. ಆಕೆಯ ರಾಜ್ಯವನ್ನು ಹದಿನೇಳನೆಯ ಶತಮಾನದ ಮೊದಲಲ್ಲಿ ಮುಗಿಸಿದ್ದು ನೆರೆಯ ಕೆಳದಿಯ ದಂಡು. ಮುಂದೆ ಕೆಳದಿಗೂ ಸೋದೆಗೂ ಕದನ. ಕೊನೆಗೆ ಹೈದರ ಬಂದಾಗ ಒಂದಾದ ಮೇಲೊಂದರಂತೆ ಎಲ್ಲವೂ ಬಿದ್ದುವು. ಸಣ್ಣವರು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಳ್ಳಲಾರದೆ ಹೋದಾಗ ದೊಡ್ಡವರೊಡನೆ ಮಾಡಿಕೊಳ್ಳುವ ಒಪ್ಪಂದ ಶರಣಾಗತಿಯೇ ಆಗುತ್ತದೆ. ಇದು ಸೋದೆಯ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಮುಖ್ಯವಾದುದು. ಆ ಕಾಗದಕ್ಕೆ ಸಹಿ ಹಾಕಿದವನು ಒಬ್ಬ. ಅದರಲ್ಲಿ ಬರೆದ ನೆಲವನ್ನು ಉಳುತ್ತಿದ್ದವರು ಸಾವಿರಾರು ಮಂದಿ. ಕಾಣಕೋಣದ ಗದ್ದೆಯವನನ್ನು, ಫೋಂಡಾದ ತೋಟದವನನ್ನು ಯಾರೂ ಕೇಳಲಿಲ್ಲ. ಅರಸನಿಗೆ ವರ್ಷಾಶನ ಬಂತು, ಪೋರ್ತುಗೀಜರಿಗೆ ಸೀಮೆ ಬಂತು. ರೈತನಿಗೆ ಒಡೆಯ ಬದಲಾದ. ಊರಿನ ದೇವಸ್ಥಾನ ಮತ್ತು ಕಟ್ಟಳೆಗಳಿಗೆ ಕೈಹಚ್ಚುವುದಿಲ್ಲವೆಂಬ ಮಾತನ್ನು ಹೊಸ ಒಡೆಯ ಕೊಟ್ಟಿದ್ದನೆಂಬುದು ನಿಜ. ಆದರೆ ಒಡೆಯ ಯಾರಾಗಬೇಕೆಂಬ ಪ್ರಶ್ನೆಯಲ್ಲಿ ಜನಕ್ಕೆ ಬಾಯಿ ಇರಲಿಲ್ಲ.

ಅರಸರ ಕಾಲದ ಕಾಗದಗಳು ಅರಸರೊಡನೆ ಸಾಯುವುದಿಲ್ಲ. ಪೇಶ್ವೆಯ ದರಬಾರು ೧೭೭೯ರಲ್ಲಿ ಪುಣೆಯಲ್ಲಿ ಪೋರ್ತುಗೀಜರೊಡನೆ ಮಾಡಿಕೊಂಡ ಕರಾರನ್ನು ಮುಂದಿಟ್ಟುಕೊಂಡು ಪೋರ್ತುಗಾಲ ೧೯೫೫ರಲ್ಲಿ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ದಾದ್ರಾ, ನಗರಹವೇಲಿಗಳಿಗೆ ಭಾರತದ ನೆಲದ ಮೇಲೆ ಹಾದುಹೋಗುವ ಹಕ್ಕು ತನಗುಂಟೆಂಬುದು ಅದರ ವಾದ. ಪೇಶ್ವೆ ಇರಲಿಲ್ಲ, ಅವನ ರಾಜ್ಯ ಇರಲಿಲ್ಲ, ಅವನನ್ನು ಸೋಲಿಸಿದ ಇಂಗ್ಲಿಷರೂ ಹಡಗು ಹತ್ತಿ ಹೋಗಿದ್ದರು. ಆದರೆ ಆ ಕಾಗದವನ್ನು ಓದಿ ೧೯೬೦ರ ಏಪ್ರಿಲಿನಲ್ಲಿ ನ್ಯಾಯಾಧೀಶರು ತೀರ್ಪು ಬರೆಯಬೇಕಾಯಿತು. ಖಾಸಗಿ ಜನಕ್ಕೂ ನಾಗರಿಕ ಅಧಿಕಾರಿಗಳಿಗೂ ಹಾದುಹೋಗುವ ಹಕ್ಕಿತ್ತು, ಸೈನ್ಯಕ್ಕೆ ಇರಲಿಲ್ಲ, ಭಾರತ ತನ್ನ ಕರ್ತವ್ಯಕ್ಕೆ ತಪ್ಪಿಲ್ಲ ಎಂದು ಅವರು ಹೇಳಿದರು. ನಮ್ಮ ಪುಣ್ಯಕ್ಕೆ ತೀರ್ಪು ಹಾಗೆ ಬಂತು.

ಗೋವೆಯ ವಿಷಯವೂ ಇದೇ. ೧೯೪೬ರ ಜೂನ್ ೧೮ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಸಭೆ ನಡೆಸಿ ಬಂಧಿತರಾದ ದಿನದಿಂದ ಗೋವೆಯ ಬಿಡುಗಡೆ ಜನತೆಯ ಪ್ರಶ್ನೆಯಾಯಿತು. ೧೯೫೫ರ ಆಗಸ್ಟ್ ೧೫ರಂದು ಗಡಿ ದಾಟಿದ ನಿಶ್ಶಸ್ತ್ರ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೇರಿಕದ ಡಲ್ಲೆಸ್ ಮತ್ತು ಪೋರ್ತುಗಾಲದ ಕುನ್ಯಾ ಕೂಡಿ ಹೊರಡಿಸಿದ ಹೇಳಿಕೆಯಲ್ಲಿ ಗೋವೆ ಪೋರ್ತುಗಾಲದ ಪ್ರಾಂತವೆಂದು ಬರೆಯಲಾಯಿತು. ಸೋದೆಯ ಅರಸ ರಕ್ಷಣೆಗೆಂದು ಒಪ್ಪಿಸಿದ ಕಾಣಕೋಣ, ಅಟ್ಲಾಂಟಿಕ್ ಸಾಗರದ ಕೂಟದವರ ಮಾತಿನಲ್ಲಿ ಯುರೋಪಿನ ಒಂದು ದೇಶದ ಅಂಗವಾಗಿಬಿಟ್ಟಿತು! ೧೯೬೧ರ ಡಿಸೆಂಬರ್ ೧೯ರಂದು ಈ ಕಥೆ ಮುಗಿಯಿತು. ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ನಮ್ಮ ಏಳು ಮಂದಿ ನಾವಿಕರು ಪ್ರಾಣ ತೆತ್ತರು. ಅದರ ಹಿಂದಿನ ದಿನ ಭದ್ರತಾ ಸಮಿತಿಯಲ್ಲಿ ಭಾರತದ ವಿರುದ್ಧ ಗೊತ್ತುವಳಿ ಬಂದಾಗ ಏಳು ರಾಷ್ಟ್ರಗಳು ಅದಕ್ಕೆ ಮತ ಕೊಟ್ಟುವು, ನಾಲ್ಕು ವಿರೋಧಿಸಿದುವು. ಆ ನಾಲ್ಕರಲ್ಲಿ ರಶಿಯಾದ ನಿಷೇಧಮತವನ್ನು ಎಲ್ಲರೂ ನೆನೆಯುತ್ತಾರೆ. ಉಳಿದ ಮೂರು ಮತಗಳು ಸಿಂಹಳ, ಲೈಬೀರಿಯಾ, ಸಂಯುಕ್ತ ಅರಬ ಗಣರಾಜ್ಯಗಳವು. ದೊಡ್ಡವರ ಸಿಟ್ಟಿಗೆ ಅಂಜದೆ ಸಿಂಹಳದಂಥ ದ್ವೀಪ ನಮ್ಮ ಪರವಾಗಿ ಕೈಯೆತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದನ್ನು ಓದಿ ನಮ್ಮ ತಾಲೂಕಿನವರು ತಲೆದೂಗಬಹುದು. ಸೋದೆಯ ನೋವು ನಮ್ಮದೆನ್ನುವುದು ಕಷ್ಟವಲ್ಲ. ಆದರೆ ಕಷ್ಟದ ಮಾತು ಇನ್ನು ಮುಂದಿದೆ. ೧೯೪೭ರಿಂದ ಈಚೆಗೆ ಈ ಪ್ರದೇಶದಲ್ಲಿ ನಾವು ಸೋದೆಯ ಸ್ಥಾನದಲ್ಲಿಲ್ಲ. ಪೇಶ್ವೆಯ, ಹೈದರನ ಸ್ಥಾನದಲ್ಲಿದ್ದೇವೆ. ನಮ್ಮ ಸುತ್ತ ನೇಪಾಳ, ಭೂತಾನ, ಶ್ರೀಲಂಕಾ, ಮಾಲ್ದೀವುಗಳಿವೆ. ಅವು ದಿಲ್ಲಿಯನ್ನು ನೋಡುವಾಗ ಅವುಗಳ ಕಣ್ಣಿಗೆ ಕಾಣುವುದೇನು ಎಂಬುದನ್ನು ಸೋದೆಯ ಮಕ್ಕಳಲ್ಲದೆ ಬೇರೆ ಯಾರು ಬೇಗ ಅರಿತಾರು?

ಯಲ್ಲಾಪುರಕ್ಕೂ ಶಿರಸಿಗೂ ನೆರೆಯಾದ ಮುಂಡಗೋಡದಲ್ಲಿ ೧೯೬೬ರಿಂದ ತಿಬೇಟಿನ ಜನ ನೆಲಸಿದ್ದಾರೆ. ಅವರು ಇಲ್ಲಿಗೆ ಬಂದ ಬಗೆಯನ್ನು ನೋಡಿ. ೧೯೫೦ರಲ್ಲಿ ಚೀನದ ಸೈನ್ಯ ಒಳಬಂದಾಗ ತಿಬೇಟು ಸಂಯುಕ್ತ ರಾಷ್ಟ್ರಸಂಘಕ್ಕೆ ಮೊರೆಯಿಟ್ಟಿತು. ಆ ಮೊರೆಯನ್ನು ಸಭೆಯ ಮುಂದಿಡಲು ಎದ್ದುನಿಂತದ್ದು ಎಲ್ ಸಾಲ್ವಡಾರ್ ಎಂಬ ಇನ್ನೊಂದು ಪುಟ್ಟ ದೇಶ. ಶಾಂತಿಯಿಂದ ಬಗೆಹರಿದೀತೆಂದು ಹೇಳಿ ಚರ್ಚೆಯನ್ನು ಮುಂದೂಡಿಸಿದವರಲ್ಲಿ ಭಾರತದ ಪ್ರತಿನಿಧಿಯೂ ಒಬ್ಬರು. ೧೯೫೪ರ ಏಪ್ರಿಲಿನಲ್ಲಿ ಭಾರತ ಮತ್ತು ಚೀನ ತಿಬೇಟಿನ ಬಗ್ಗೆ ಒಪ್ಪಂದ ಮಾಡಿಕೊಂಡುವು. ಪಂಚಶೀಲದ ಐದು ತತ್ವಗಳು ಅದರ ಪೀಠಿಕೆಯಲ್ಲಿವೆ. ಯಾರ ನೆಲದ ಬಗ್ಗೆ ಆ ಕಾಗದವೋ ಅವರ ಸಹಿ ಮಾತ್ರ ಅದರಲ್ಲಿಲ್ಲ. ೧೯೫೯ರಲ್ಲಿಯೂ ೧೯೬೧ರಲ್ಲಿಯೂ ತಿಬೇಟಿನ ಪ್ರಶ್ನೆ ರಾಷ್ಟ್ರಸಂಘದಲ್ಲಿ ಮತಕ್ಕೆ ಬಂದಾಗ ಭಾರತ ತಟಸ್ಥವಾಗಿ ಕುಳಿತಿತು. ೧೯೬೫ರಲ್ಲಿ ಮಾತ್ರ ಪರವಾಗಿ ಮತ ಕೊಟ್ಟಿತು. ಅಷ್ಟರಲ್ಲಿ ನಮ್ಮ ಗಡಿಯಲ್ಲಿಯೇ ಯುದ್ಧವಾಗಿಹೋಗಿತ್ತು. ಸಣ್ಣವನ ಪರವಾಗಿ ಹೊತ್ತಿಗೆ ಸರಿಯಾಗಿ ಆಡಬೇಕಾದ ಮಾತನ್ನು ಹದಿನೈದು ವರ್ಷ ತಡಮಾಡಿ ಆಡಿದರೆ ಅದರಿಂದ ಸಣ್ಣವನಿಗೂ ಲಾಭವಿಲ್ಲ, ಆಡಿದವನಿಗೂ ಮಾನವಿಲ್ಲ.

ನೇಪಾಳದ ಮಾತು ಇನ್ನೂ ಹತ್ತಿರದ್ದು. ೧೯೫೦ರ ಜುಲೈ ೩೧ರ ಶಾಂತಿ ಮತ್ತು ಸ್ನೇಹದ ಕರಾರಿಗೆ ನೇಪಾಳದ ಪರವಾಗಿ ಸಹಿ ಹಾಕಿದವನು ರಾಣಾ ಮನೆತನದ ಪ್ರಧಾನಿ ಮೋಹನ ಶಮಶೇರ. ಏಳು ತಿಂಗಳು ಕಳೆಯುವುದರೊಳಗೆ ಜನ ಎದ್ದು ರಾಣಾಶಾಹಿಯನ್ನು ಕೆಡವಿದರು. ಆಡಳಿತ ಹೋಯಿತು, ಸಹಿ ಉಳಿಯಿತು. ಆ ಕರಾರಿನ ಬಗ್ಗೆ ನೇಪಾಳದ ಜನರಲ್ಲಿ ಅಸಮಾಧಾನ ಏಕೆ ಆರುವುದಿಲ್ಲವೆಂದು ದಿಲ್ಲಿಯವರು ಅಚ್ಚರಿಪಡುತ್ತಾರೆ, ಸೋದೆಯವರು ಅಚ್ಚರಿಪಡಲಾರರು. ೧೯೭೫ರಲ್ಲಿ ನೇಪಾಳದ ಅರಸ ಬೀರೇಂದ್ರ ತನ್ನ ದೇಶವನ್ನು ಶಾಂತಿವಲಯವೆಂದು ಒಪ್ಪಿಕೊಳ್ಳಿರೆಂದು ಜಗತ್ತನ್ನು ಕೇಳಿದ. ನೂರಕ್ಕೂ ಹೆಚ್ಚು ರಾಷ್ಟ್ರಗಳು ಒಪ್ಪಿದುವು, ಭಾರತ ಒಪ್ಪಲಿಲ್ಲ. ೧೯೮೯ರ ಮಾರ್ಚಿನಲ್ಲಿ ವ್ಯಾಪಾರದ ಕರಾರು ಮುಗಿದಾಗ ಎರಡು ದಾರಿಗಳನ್ನು ಬಿಟ್ಟು ಉಳಿದ ಗಡಿದಾರಿಗಳನ್ನೆಲ್ಲ ಭಾರತ ಮುಚ್ಚಿತು. ೨೦೧೫ರಲ್ಲಿ, ಭೂಕಂಪದಿಂದ ಇನ್ನೂ ಚೇತರಿಸಿಕೊಳ್ಳದ ನೇಪಾಳಕ್ಕೆ ಗಡಿಯಲ್ಲಿ ಎಣ್ಣೆ, ಔಷಧಿ ನಿಂತುಹೋದುವು. ಅದು ಮಧೇಶಿಗಳ ಚಳವಳಿಯಿಂದಾದದ್ದೆಂದು ದಿಲ್ಲಿ ಹೇಳಿತು, ಕಾಠಮಾಂಡು ನಂಬಲಿಲ್ಲ. ೨೦೧೬ರ ಮಾರ್ಚಿನಲ್ಲಿ ನೇಪಾಳ ಚೀನದೊಡನೆ ಸಾಗಣೆಯ ಒಪ್ಪಂದಕ್ಕೆ ಸಹಿ ಹಾಕಿತು. ಸೋದೆಯ ಅರಸ ಘಟ್ಟವಿಳಿದು ಪಶ್ಚಿಮಕ್ಕೆ ಹೋದ. ನೇಪಾಳ ಹಿಮಾಲಯದಾಚೆ ಉತ್ತರಕ್ಕೆ ನೋಡಿತು. ಎರಡಕ್ಕೂ ಕಾರಣ ಒಂದೇ ಬಗೆಯದು.

ಶ್ರೀಲಂಕಾದಲ್ಲಿ ೧೯೮೭ರ ಒಪ್ಪಂದದ ಮೇರೆಗೆ ನಮ್ಮ ಸೈನ್ಯ ಶಾಂತಿಪಾಲನೆಗೆಂದು ಹೋಯಿತು. ಸಾವಿರಕ್ಕೂ ಮಿಕ್ಕಿ ನಮ್ಮ ಸೈನಿಕರು ಅಲ್ಲಿ ಸತ್ತರು. ತಮಿಳರೂ ಸಿಂಹಳರೂ ಇಬ್ಬರೂ ನಮ್ಮನ್ನು ದ್ವೇಷಿಸುವಂತಾಗಿ ೧೯೯೦ರ ಮಾರ್ಚಿನಲ್ಲಿ ಸೈನ್ಯ ಹಿಂದಿರುಗಿತು. ೧೯೬೧ರಲ್ಲಿ ನಮಗಾಗಿ ಕೈಯೆತ್ತಿದ ದ್ವೀಪವಿದು. ಮುಂದೆ ಸಾಲದ ಹೊರೆಯಲ್ಲಿ ಅದೇ ದೇಶ ಹಂಬನತೋಟದ ಬಂದರನ್ನು ೨೦೧೭ರಲ್ಲಿ ಚೀನದ ಕಂಪನಿಗೆ ತೊಂಬತ್ತೊಂಬತ್ತು ವರ್ಷಗಳ ಗೇಣಿಗೆ ಕೊಟ್ಟಿತು. ಸದಾಶಿವಗಡದ ಕಥೆ ಬಲ್ಲ ನಮಗೆ ಆ ಸುದ್ದಿ ಹೊಸದಾಗಿ ತೋರಬಾರದು.

ಹಾಗಾದರೆ ಸಣ್ಣ ರಾಷ್ಟ್ರಕ್ಕೆ ಸರಿದಾರಿಯೇ ಇಲ್ಲವೆ? ಉಂಟು; ಆದರೆ ಅದು ಕಿರಿದು. ಭೂತಾನವನ್ನು ನೋಡಿ. ೨೦೧೭ರ ಜೂನಿನಲ್ಲಿ ದೋಕ್ಲಾಮಿನಲ್ಲಿ ಚೀನ ರಸ್ತೆ ಮಾಡಹೊರಟಾಗ, ಭಾರತ ಮತ್ತು ಚೀನದ ಸೈನಿಕರು ಎಪ್ಪತ್ತಮೂರು ದಿನ ಎದುರುಬದುರು ನಿಂತರು. ಭೂತಾನ ಚೀನಕ್ಕೆ ತನ್ನ ಪ್ರತಿಭಟನೆ ತಲುಪಿಸಿತು. ೧೯೮೮ರ ಮತ್ತು ೧೯೯೮ರ ಒಪ್ಪಂದಗಳನ್ನು ಉಲ್ಲೇಖಿಸಿ ಒಂದು ಚಿಕ್ಕ ಹೇಳಿಕೆ ಹೊರಡಿಸಿತು. ಬಳಿಕ ಬಾಯಿ ಮುಚ್ಚಿಕೊಂಡಿತು. ದೊಡ್ಡವರ ಪತ್ರಿಕೆಗಳು ಕೂಗಾಡುವಾಗ ಅದು ಯಾರನ್ನೂ ಬೈಯಲಿಲ್ಲ, ಯಾರಿಗೂ ಹೊಸ ನೆಲ ಬರೆದುಕೊಡಲಿಲ್ಲ. ೨೦೨೧ರಲ್ಲಿ ಗಡಿಯ ಮಾತುಕತೆಗೆ ಚೀನದೊಡನೆ ತಾನೇ ಒಂದು ಕ್ರಮವನ್ನು ಗೊತ್ತುಮಾಡಿಕೊಂಡಿತು. ಹಕ್ಕನ್ನು ಬರವಣಿಗೆಯಲ್ಲಿ ಇಡುವುದು, ಸಿಟ್ಟನ್ನು ಹತ್ತಿಕ್ಕುವುದು, ತನ್ನ ಮಾತನ್ನು ತಾನೇ ಆಡುವುದು ಈ ಮೂರು ಸಣ್ಣ ರಾಷ್ಟ್ರದ ಆಯುಧಗಳು. ಸಣ್ಣವರು ಕೂಡಿದರೆ ದೊಡ್ಡವರ ನಡುವೆಯೂ ಮಾತಾಡಬಲ್ಲರೆಂಬುದಕ್ಕೆ ೧೯೬೨ರ ಡಿಸೆಂಬರಿನ ಕೊಲಂಬೊ ಸಭೆ ಸಾಕ್ಷಿ. ಭಾರತ ಚೀನಗಳ ಯುದ್ಧ ನಿಂತ ಕೆಲವೇ ವಾರಗಳಲ್ಲಿ ಸಿಂಹಳ, ಬರ್ಮಾ, ಕಾಂಬೋಡಿಯಾ, ಇಂಡೋನೇಶಿಯಾ, ಘಾನಾ, ಸಂಯುಕ್ತ ಅರಬ ಗಣರಾಜ್ಯಗಳು ಸೇರಿ ಸಲಹೆಗಳನ್ನು ರೂಪಿಸಿದುವು. ಸಿರಿಮಾವೊ ಬಂಡಾರನಾಯಿಕೆ ಅವನ್ನು ಹೊತ್ತು ಪೀಕಿಂಗಿಗೂ ದಿಲ್ಲಿಗೂ ಹೋದರು. ಗಡಿ ಬಗೆಹರಿಯಲಿಲ್ಲ, ಆದರೆ ಮಾತಿಗೆ ಒಂದು ತಳಹದಿ ಸಿಕ್ಕಿತು.

ತಟಸ್ಥರಾಗಿದ್ದವರೂ ನಾಶವಾದರಲ್ಲ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ೧೯೬೨ರಲ್ಲಿ ಜಿನೀವಾದಲ್ಲಿ ಹದಿನಾಲ್ಕು ರಾಷ್ಟ್ರಗಳು ಲಾವೋಸಿನ ತಾಟಸ್ಥ್ಯಕ್ಕೆ ಸಹಿ ಹಾಕಿದುವು. ಹಾಗಿದ್ದೂ ಉತ್ತರ ವಿಯೆಟ್ನಾಮಿನ ಸೈನ್ಯ ಅದರ ಕಾಡಿನಲ್ಲಿ ದಾರಿ ಮಾಡಿಕೊಂಡಿತು, ಅಮೇರಿಕದ ವಿಮಾನಗಳು ೧೯೭೩ರವರೆಗೆ ಇಪ್ಪತ್ತು ಲಕ್ಷ ಟನ್ನಿಗೂ ಹೆಚ್ಚು ಬಾಂಬುಗಳನ್ನು ಅದರ ಮೇಲೆ ಸುರಿದುವು. ಎರಡು ಕೋಣಗಳು ಹೋರಾಡಿದರೆ ನಡುವಿನ ಗಿಡಕ್ಕೆ ಸಾವು. ಇದರಿಂದ ತಿಳಿಯುವುದೇನು? ಸಣ್ಣವನ ಜಾಣತನವೊಂದೇ ಸಾಲದು. ದೊಡ್ಡವನ ಕೈಗೆ ಕಡಿವಾಣ ಬೇಕು. ಆ ಕಡಿವಾಣ ದೊಡ್ಡ ದೇಶದ ಜನರ ಕೈಯಲ್ಲಿರಬೇಕು. ಆದುದರಿಂದಲೇ ಈ ಪ್ರಶ್ನೆ ನೇಪಾಳದವರದಷ್ಟೇ ಅಲ್ಲ, ಶಿರಸಿಯವರದೂ ಹೌದು.

ಈಗ ನಮ್ಮ ಅಂಗಳಕ್ಕೆ ಬರೋಣ. ೧೯೯೮ರಲ್ಲಿ ಭಾರತ ಮತ್ತು ಶ್ರೀಲಂಕಾ ಮುಕ್ತ ವ್ಯಾಪಾರದ ಒಪ್ಪಂದ ಮಾಡಿಕೊಂಡುವು. ಆ ದಾರಿಯಿಂದ ಮೆಣಸು ಬಂತು. ಬೇರೆ ದೇಶಗಳ ಮೆಣಸೂ ಅದೇ ಹೆಸರಿನಲ್ಲಿ ಒಳಬರುತ್ತಿದೆಯೆಂದು ಬೆಳೆಗಾರರು ಕೂಗಿದರು. ಕೊನೆಗೆ ೨೦೧೭ರ ಡಿಸೆಂಬರಿನಲ್ಲಿ ಆಮದಿನ ಮೆಣಸಿಗೆ ಕಿಲೋಕ್ಕೆ ೫೦೦ ರೂಪಾಯಿ ಕನಿಷ್ಠ ಬೆಲೆ ಗೊತ್ತಾಯಿತು. ೨೦೨೨ರಲ್ಲಿ ಭೂತಾನದಿಂದ ೧೭,೦೦೦ ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಕಟ್ಟಿಲ್ಲದೆ ತರಿಸಲು ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿತು. ಮಲೆನಾಡಿನಲ್ಲೆಲ್ಲ ಕಳವಳ ಎದ್ದಿತು. ತೋಟಿಗರ ಕಳವಳ ನ್ಯಾಯವಾದುದೆಂದು ನಾವು ಹೇಳುತ್ತೇವೆ. ಆದರೆ ಭೂತಾನದವರು ನಮ್ಮ ಹೊಟ್ಟೆಯ ಮೇಲೆ ಹೊಡೆದರು ಎಂದು ಆಡಿದವರ ಮಾತನ್ನು ನಾವು ಒಪ್ಪಲಾರೆವು. ಅಲ್ಲಿಯ ಅಡಿಕೆಯವನೂ ನಮ್ಮ ತೋಟಿಗನಂತೆಯೇ ಕೊಳೆರೋಗಕ್ಕೂ ದಲಾಲಿಗೂ ಅಂಜುವ ಒಕ್ಕಲಿಗ. ಅವನು ನಮ್ಮನ್ನು ಕೇಳಬೇಕಾಗಿರಲಿಲ್ಲ, ದಿಲ್ಲಿ ಕೇಳಬೇಕಾಗಿತ್ತು. ದಿಲ್ಲಿ ಕೇಳಲಿಲ್ಲ. ಸೋದೆಯ ಅರಸ ಕಾಣಕೋಣದ ರೈತನನ್ನು ಕೇಳದೆ ಸಹಿ ಹಾಕಿದ್ದಕ್ಕೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ, ಪ್ರಮಾಣದಲ್ಲಿ ಭೇದವಿದೆ.

ಓದುಗರಲ್ಲಿ ಬಹಳ ಮಂದಿಗೆ ತಿಳಿದಿರಲಾರದ ಸಂಗತಿಯೊಂದುಂಟು. ನಮ್ಮ ಸಂವಿಧಾನದ ಪ್ರಕಾರ ಪರರಾಷ್ಟ್ರಗಳೊಡನೆ ಕರಾರು ಮಾಡಲು ಮಂತ್ರಿಮಂಡಲಕ್ಕೆ ಸಂಸತ್ತಿನ ಒಪ್ಪಿಗೆ ಬೇಕಾಗಿಲ್ಲ. ನೆಲ ಬಿಟ್ಟುಕೊಡುವುದಿದ್ದರೆ ಮಾತ್ರ ಸಂವಿಧಾನದ ತಿದ್ದುಪಡಿ ಬೇಕೆಂದು ಬೇರುಬಾಡಿಯ ಪ್ರಕರಣದಲ್ಲಿ ೧೯೬೦ರಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ಕರಾರನ್ನು ಜಾರಿಗೆ ತರಲು ಕಾನೂನು ಬೇಕಾದರೆ ೨೫೩ನೆಯ ಕಲಮಿನ ಕೆಳಗೆ ಸಂಸತ್ತು ಕಾನೂನು ಮಾಡಬಹುದು. ಕರಾರನ್ನೇ ತಡೆಯಲು, ತಿದ್ದಲು ಅದಕ್ಕೆ ಅವಕಾಶ ಗೊತ್ತುಮಾಡಿಲ್ಲ. ಅಮೇರಿಕದಲ್ಲಿ ಸಂಧಿಗಳಿಗೆ ಸೆನೆಟಿನ ಮೂರರಲ್ಲಿ ಎರಡು ಪಾಲು ಮತ ಬೇಕು. ಇಂಗ್ಲಂಡಿನಲ್ಲಿ ೨೦೧೦ರ ಕಾಯಿದೆಯಂತೆ ಕರಾರನ್ನು ಪಾರ್ಲಿಮೆಂಟಿನ ಮುಂದಿಟ್ಟು ೨೧ ಅಧಿವೇಶನ ದಿನ ಕಾಯಬೇಕು. ಅವರು ದೊಡ್ಡವರು, ಇರಲಿ ಬಿಡಿ. ನಾವು ಸಣ್ಣವೆಂದು ಎಣಿಸುವ ನೇಪಾಳದ ೨೦೧೫ರ ಸಂವಿಧಾನದಲ್ಲಿ, ಶಾಂತಿ, ರಕ್ಷಣೆ, ಗಡಿ, ನೈಸರ್ಗಿಕ ಸಂಪತ್ತುಗಳ ಕರಾರುಗಳಿಗೆ ಸಂಸತ್ತಿನ ಮೂರರಲ್ಲಿ ಎರಡು ಪಾಲು ಮತ ಬೇಕೆಂದಿದೆ. ಭೂತಾನದಲ್ಲಿ ಅಂತರರಾಷ್ಟ್ರೀಯ ಕರಾರು ಕಾನೂನಾಗಬೇಕಾದರೆ ಸಂಸತ್ತು ಅದನ್ನು ಸ್ಥಿರೀಕರಿಸಬೇಕು. ರಾಣಾನ ಸಹಿಯಿಂದ ನೇಪಾಳ ಪಾಠ ಕಲಿತಿದೆ. ಸೋದೆಯ ಸಹಿಯಿಂದ ನಾವು ಇನ್ನೂ ಕಲಿಯಬೇಕಾಗಿದೆ.

ಗುಟ್ಟಿಲ್ಲದೆ ರಾಜತಂತ್ರ ನಡೆಯದು ಎಂದು ದಿಲ್ಲಿಯ ಅಧಿಕಾರಿಗಳು ಹೇಳುವರು. ಮಾತುಕತೆ ನಡೆಯುವಾಗ ಗುಟ್ಟು ಬೇಕಾದೀತು. ಮಾತು ಮುಗಿದು ಸಹಿ ಬೀಳುವ ಹೊತ್ತಿಗೆ ಗುಟ್ಟಿಗೆ ಕೆಲಸವಿಲ್ಲ. ಗುಟ್ಟಿನಲ್ಲಿ ಬ್ರಿಟಿಷರೂ ಪೇಶ್ವೆಯವರೂ ಎಷ್ಟೋ ಕರಾರು ಮಾಡಿದರು. ಜನಕ್ಕೆ ತಿಳಿಯದೆ ಮಾಡಿದ ಕರಾರನ್ನು ಕಾಪಾಡಲು ಕೊನೆಗೆ ಜನವೇ ಪ್ರಾಣ ಕೊಡಬೇಕಾಗುತ್ತದೆಂಬುದನ್ನು ಅಂಜದೀವದಲ್ಲಿಯೂ ಜಾಫನಾದಲ್ಲಿಯೂ ಕಂಡಿದ್ದೇವೆ.

ಆದಕಾರಣ ನಮ್ಮ ಬೇಡಿಕೆಗಳನ್ನು ನೇರವಾಗಿ ಮುಂದಿಡುತ್ತೇವೆ. ಮೊದಲನೆಯದು, ಪರರಾಷ್ಟ್ರಗಳೊಡನೆ ಮಾಡುವ ಪ್ರತಿಯೊಂದು ಕರಾರನ್ನು, ವ್ಯಾಪಾರದ್ದೇ ಇರಲಿ, ಸೈನ್ಯದ್ದೇ ಇರಲಿ, ಸ್ಥಿರೀಕರಿಸುವ ಮುನ್ನ ಸಂಸತ್ತಿನ ಮುಂದಿಟ್ಟು ಮತ ತೆಗೆದುಕೊಳ್ಳುವಂತೆ ಕಾನೂನಾಗಬೇಕು. ಎರಡನೆಯದು, ಒಂದು ಬೆಳೆಯನ್ನೇ ನಂಬಿದ ಸೀಮೆಗೆ ತಟ್ಟುವ ಕರಾರು ಅಥವಾ ಅಧಿಸೂಚನೆಯ ಮುನ್ನ ಆ ಸೀಮೆಯ ಬೆಳೆಗಾರರ ಸಹಕಾರಿ ಸಂಘಗಳ ಅಭಿಪ್ರಾಯ ಕೇಳುವುದು ಕಡ್ಡಾಯವಾಗಬೇಕು. ಮೂರನೆಯದು, ನಮ್ಮ ಸೈನ್ಯ ನೆರೆಯ ದೇಶದಲ್ಲಿ ಆ ದೇಶದ ಚುನಾಯಿತ ಸರಕಾರ ಕೇಳಿದಷ್ಟು ದಿನ ಮಾತ್ರ ಇರಬೇಕು, ಬೇಡವೆಂದ ದಿನ ಹೊರಡಬೇಕು. ೨೦೨೪ರ ಮೇ ತಿಂಗಳಲ್ಲಿ ಮಾಲ್ದೀವಿನ ಸರಕಾರ ಕೇಳಿಕೊಂಡಂತೆ ನಮ್ಮ ಸೈನಿಕರು ಅಲ್ಲಿಂದ ಹಿಂದಿರುಗಿದರು. ಅದನ್ನು ಕೆಲವರು ಅವಮಾನವೆಂದರು. ಸದಾಶಿವಗಡವನ್ನು ಹಿಡಿದು ಕೂತವರ ಕಥೆ ಬಲ್ಲ ನಾವು ಅದನ್ನು ಮರ್ಯಾದೆಯೆನ್ನುತ್ತೇವೆ. ನಾಲ್ಕನೆಯದು, ಸಣ್ಣ ನೆರೆಯವರೊಡನೆ ಜಗಳ ಬಂದಾಗ ಗಡಿಯ ದಾರಿ ಮುಚ್ಚಿ ಉಪ್ಪು, ಎಣ್ಣೆ, ಔಷಧಿ ತಡೆಯುವ ನೀತಿಯನ್ನು ಯಾವ ಪಕ್ಷದ ಸರಕಾರವಾದರೂ ಬಿಡಬೇಕು.

ನಮ್ಮ ಮೂರು ತಾಲೂಕುಗಳ ಸಹಕಾರಿ ಸಂಘಗಳ ವಾರ್ಷಿಕ ಸಭೆಗಳಲ್ಲಿ, ಗ್ರಾಮಸಭೆಗಳಲ್ಲಿ ಈ ಬೇಡಿಕೆಗಳ ಗೊತ್ತುವಳಿ ಆಗಲಿ. ಮತ ಕೇಳಲು ಬರುವ ಪ್ರತಿಯೊಬ್ಬ ಲೋಕಸಭೆಯ ಉಮೇದುವಾರನನ್ನು, ಕರಾರುಗಳನ್ನು ಸಂಸತ್ತಿನ ಮುಂದಿಡಬೇಕೆಂಬುದಕ್ಕೆ ನೀನು ಒಪ್ಪುವೆಯಾ ಇಲ್ಲವಾ ಎಂದು ಕೇಳಿ, ಉತ್ತರ ಬರೆಯಿಸಿಕೊಳ್ಳಿರಿ. ಅಡಿಕೆಯ ದರ ಕುಸಿದಾಗ ಮಾತ್ರ ದಿಲ್ಲಿಯ ಕಡೆ ನೋಡುವುದು ಸಾಲದು. ಭೂತಾನದ, ನೇಪಾಳದ ಒಕ್ಕಲಿಗನ ಮೇಲೆ ಗಡಿ ಮುಚ್ಚಿದಾಗಲೂ ನಾವು ದಿಲ್ಲಿಯನ್ನು ಕೇಳಬೇಕು. ಅವನ ಸಲುವಾಗಿ ಕೇಳುವ ಅಭ್ಯಾಸವಿದ್ದರೆ ನಮ್ಮ ಸಲುವಾಗಿ ಕೇಳುವಾಗ ನಮ್ಮ ಮಾತಿಗೆ ತೂಕ ಬಂದೀತು.